ಚಂದವ್ವನ ಮೌನವ್ರತವೂ ಗುಡುಗ್ಯಾನ ಜೈಲುದರ್ಶನವೂ

ಕಲಿಯುಗದ ಪ್ರಥಮ ಪಾದದಲ್ಲಿ, ಜಂಬೂದ್ವೀಪದ ದಕ್ಷಿಣಾಪಥದಲ್ಲಿ, ಮಲಪ್ರಭೆಯ ಬಲದಂಡೆಯಲ್ಲಿ, ಮನುಷ್ಯರು ಅಂಗೈಯಗಲದ ಗಾಜಿನೊಳಗೆ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದ ಮೊಬೈಲು ಮನ್ವಂತರದಲ್ಲಿ, ಜೋಳದರೊಟ್ಟಿನಿರ್ಮಾಣವಿಶಾರದೆಯೂ ಬೀದಿನಲ್ಲಿಕದನವಿಜಯಿನಿಯೂ ಆಡಿದಮಾತುಪಾಲನಧುರಂಧರೆಯೂ ಆದ ಚಂದವ್ವನೆಂಬ ವೀರನಾರಿ ಇದ್ದಳು. ಹೇ ದಿಕ್ಪಾಲಕರೇ, ಹೇ ಕರೆಂಟಿನ ಅಧಿದೇವತೆಯೇ, ಈ ಕಥೆ ಮುಗಿಯುವವರೆಗಾದರೂ ಕೈಕೊಡಬೇಡಿ.

ಈಕೆಯ ಪತಿ ಯಮನೂರಪ್ಪ ಮೇಷಯುದ್ಧರಸಿಕ, ಎಂದರೆ ಟಗರಿನ ಕಾಳಗದ ಹುಚ್ಚ. ಹೆಂಡತಿ ಮೂರು ಸಲ ಬೇಡವೆಂದರೂ ಕೇಳದೆ, ವಜ್ರಲಲಾಟನೂ ವಕ್ರವಿಷಾಣನೂ ಆದ ತನ್ನ ಟಗರು ಗುಡುಗ್ಯಾನನ್ನು ಹೊಡೆದುಕೊಂಡು ಕಣಕ್ಕೆ ಹೋದ. ಗುಡುಗ್ಯಾ ಹಿಂದೆ ಸರಿಯಿತೆಂದು ತೀರ್ಪುಗಾರ ಸೀಟಿ ಊದಿದ. ಯಮನೂರಪ್ಪ ಊದಿದ ಬಾಯಿಗೇ ಒಂದು ಗುದ್ದಿದ. ಎರಡು ಹಲ್ಲು, ಒಂದು ಸೀಟಿ ನೆಲಕ್ಕೆ ಬಿದ್ದವು. ಜಾಮೀನು ಸಿಗುವವರೆಗೆ ಅವನು ಜಿಲ್ಲಾ ಕಾರಾಗೃಹದ ಪಾಲಾದ.

ಪೊಲೀಸ್ ಜೀಪು ಓಣಿ ದಾಟುವ ಮೊದಲೇ ಚಂದವ್ವ ಕಟ್ಟೆಯ ಮೇಲೆ ನಿಂತು ಭೀಷಣ ಪ್ರತಿಜ್ಞೆ ಮಾಡಿದಳು: "ತಪ್ಪಾತು ಅಂತ ಅವರ ಬಾಯಿಂದ ಬರೂತನಕ ಅವರ ಕೂಡ ಒಂದು ಮಾತು ಆಡಿದ್ರ ನನ್ನ ಹೆಸರು ಚಂದವ್ವನ ಅಲ್ಲ!"

ಓಣಿ ನಡುಗಿತು. ಆದರೆ ಗುಡುಗ್ಯಾ ಅಂದಿನಿಂದ ಮೇವು ಮುಟ್ಟಲಿಲ್ಲ. ಯಮನೂರಪ್ಪ "ಹಾ ಮಗನ, ತಿನ್ನು" ಎನ್ನದೆ ಎಂದೂ ಉಂಡದ್ದಲ್ಲ ಅದು. ಹುರುಳಿ ನೆನೆಸಿಟ್ಟರೂ ಒಲ್ಲೆ, ಹಸಿಹುಲ್ಲಿಗೂ ಒಲ್ಲೆ, ಬರೀ ನೀರು. "ಇದಕ್ಕ ಔಷಧ ಇಲ್ಲವ್ವ, ಯಜಮಾನ ಬೇಕು. ಒಂದು ವಾರ ಹಿಂಗ ಹೋದ್ರ ಉಳಿಯಂಗಿಲ್ಲ" ಎಂದು ಪಶುವೈದ್ಯರು ಕೈ ತೊಳೆದುಕೊಂಡರು. ತಾಯಿ ಸತ್ತ ಮರಿಯಾಗಿದ್ದ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದವಳು ಚಂದವ್ವ. ಟಗರಿನ ಉಪವಾಸಕ್ಕೆ ಓಣಿಯೆಲ್ಲ ಮರುಗಿತು. ಆ ಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತು, ಚಹಾ ಅವಲಕ್ಕಿಯಲ್ಲೇ ದಿನ ಹೋಗುತ್ತಿದ್ದುದನ್ನು ಮಾತ್ರ ಯಾರೂ ಗಮನಿಸಲಿಲ್ಲ.

ಜೈಲಿನ ಬಾಗಿಲಲ್ಲಿ ಟಗರಿಗೆ ಪ್ರವೇಶವಿಲ್ಲ. ಆದರೆ ವಿಡಿಯೋದಲ್ಲಿ ಮುಲಾಖತ್, ಎಂದರೆ ಕೈದಿಯ ಭೇಟಿ, ಮಾಡಬಹುದೆಂದು ಕೇಳಿದ್ದೇ, ಆಕೆ ಸಹಸ್ರಅರ್ಜಿಪೂರಕನಾದ ಇಮಾಮಸಾಬನ ಆನ್‌ಲೈನ್ ಅಂಗಡಿಗೆ ಟಗರಿನ ಸಮೇತ ದಂಡೆತ್ತಿ ಬಂದಳು.

"ಫೋನ್ ನಂಬರ್ ಹೇಳು ತಂಗೆವ್ವ, ಒಟಿಪಿ ಬರ್ತೈತಿ."

ಹೇಳಿದಳು. ಒಟಿಪಿಯೆಂಬ ಷಡಂಕಾಸ್ತ್ರ ಹೊರಟಿತು; ಬರಲಿಲ್ಲ. ಮತ್ತೆ ಹೂಡಿದ, ಮತ್ತೆ ಬರಲಿಲ್ಲ. ಮೂರನೆಯ ಸಲಕ್ಕೆ ನಿಜ ಬಯಲಾಯಿತು: ಮನೆಗೆಲ್ಲ ಇರುವುದು ಒಂದೇ ಫೋನು, ಅದು ಯಮನೂರಪ್ಪನ ಕಿಸೆಯಲ್ಲಿತ್ತು, ಈಗ ಜೈಲಿನ ಕಚೇರಿಯಲ್ಲಿ ಲಕೋಟೆಯೊಳಗೆ ಜಮಾ ಆಗಿದೆ.

"ಅಂದ್ರ ಒಳಗಿದ್ದವರನ್ನ ನೋಡಾಕ ಒಳಗಿದ್ದ ಫೋನಿನ ಅಪ್ಪಣೆ ಬೇಕೇನು?" ಎಂದು ಚಂದವ್ವ ಗರ್ಜಿಸಿದಳು. ಇಮಾಮಸಾಬ ತನ್ನದೇ ನಂಬರು ಹಾಕಿದ.

"ನೋಡಾಕ ಬರೋರ ಹೆಸರು?"

"ಗುಡುಗ್ಯಾ."

"ತಂಗೆವ್ವಾ..."

"ನಾ ಯಾಕ ಬರ್ಲಿ? ನನ್ನ ಮಾತು ಮುಗದೈತಿ. ಅವಂದ ಬರೀರಿ. ವಯಸ್ಸು ನಾಕು, ಸಂಬಂಧ ಮಗ."

"ಆಧಾರ್ ಬೇಕಲ್ಲವಾ?"

ಆಗ ಆ ಧೀರೆ ಗುಡುಗ್ಯಾನ ಕಿವಿ ಹಿಡಿದು, ಪಶುಇಲಾಖೆಯವರು ಚುಚ್ಚಿದ್ದ ಹಳದಿ ಬಿಲ್ಲೆಯನ್ನು ಎತ್ತಿ ತೋರಿಸಿದಳು. "ಎಣಿಸ್ರಿ. ಬರೋಬ್ಬರಿ ಹನ್ನೆರಡು ಅಂಕಿ ಅದಾವು."

ಇಮಾಮಸಾಬ ಎಣಿಸಿದ. ಇದ್ದವು. ಮೂವತ್ತು ವರ್ಷದ ಅರ್ಜಿಜೀವನದಲ್ಲಿ ಇಂಥ ಸಮಯಸ್ಫೂರ್ತಿಯನ್ನು ಕಾಣದ ಆ ಮಹಾನುಭಾವ ಮೈಮರೆತು ಸಬ್ಮಿಟ್ ಒತ್ತಿಯೇಬಿಟ್ಟ. ಮರುದಿನ ಬಂದ ಉತ್ತರ: ಗುರುತಿನ ಸಂಖ್ಯೆ ಅಮಾನ್ಯ, ಅರ್ಜಿ ತಿರಸ್ಕೃತ. ಅಷ್ಟರಲ್ಲಿ ಗುಡುಗ್ಯಾನ ಪಕ್ಕೆಲುಬು ಕಾಣತೊಡಗಿದ್ದವು. ಚಂದವ್ವ ಹಲ್ಲು ಕಚ್ಚಿ ತನ್ನ ಹೆಸರನ್ನೇ ಬರೆಸಿದಳು. ಶನಿವಾರ ಹನ್ನೊಂದು ಇಪ್ಪತ್ತಕ್ಕೆ, ಐದು ನಿಮಿಷ ಮಂಜೂರಾಯಿತು.

ಶನಿವಾರ ಬಂದಿತು. ಇಮಾಮಸಾಬನ ಅಂಗಡಿಯಲ್ಲಿ ತೆರೆ ಬೆಳಗಿತು. ಆರು ದಿನದ ಗಡ್ಡದ ಯಮನೂರಪ್ಪ, ಬೆನ್ನ ಹಿಂದೆ ಒಬ್ಬ ಕಾವಲುಗಾರ. ಚಂದವ್ವ ತುಟಿ ಬಿಗಿದು, ಟಗರಿನ ಮುಖವನ್ನು ಗಾಜಿಗೆ ಹಿಡಿದಳು.

"ಏ ಏನಮ್ಮಾ ಇದು? ಅರ್ಜಿಯೊಳಗ ಟಗರು ಇಲ್ಲ!" ಎಂದ ಕಾವಲುಗಾರ.

"ಇರ್ಲಿ ಬಿಡ್ರಿ ಸಾಹೇಬ್ರ, ಮನಿ ಮಗಾ ಅದು," ಎಂದ ಯಮನೂರಪ್ಪ, ದನಿ ಒಡೆದಿತ್ತು. "ಗುಡುಗ್ಯಾ! ಯಾಕೋ ಹಿಂಗ ಬಡಕಾಗೀದಿ? ಹಾ ಮಗನ, ತಿನ್ನು."

ಗುಡುಗ್ಯಾನ ಕಿವಿ ನಿಮಿರಿತು. ಗಾಜನ್ನು ಒಮ್ಮೆ ಮೂಸಿತು. ಆಮೇಲೆ ಚಂದವ್ವ ತಂದಿದ್ದ ಚೀಲಕ್ಕೆ ಮೂತಿ ಹಾಕಿ, ಆರು ದಿನದ್ದನ್ನು ಒಂದೇ ಸಲಕ್ಕೆ ತೀರಿಸುವವರಂತೆ ಹೊಟ್ಟು ಮುಕ್ಕತೊಡಗಿತು. ಚಂದವ್ವನ ಕಣ್ಣಲ್ಲಿ ನೀರು ಬಂತು. ಬಂದ ಕೆಲಸ ಮುಗಿದಿತ್ತು. ಇನ್ನೂ ಮೂರು ನಿಮಿಷ ಉಳಿದಿತ್ತು.

ಗಂಡಹೆಂಡಿರು ಮಾತು ಬಿಟ್ಟಾಗ ನಡುವೆ ಕೂಸನ್ನೋ ಬೆಕ್ಕನ್ನೋ ಇಟ್ಟುಕೊಂಡು ಆಡುವುದುಂಟು. ಆ ಸನಾತನ ಕ್ರಮದಲ್ಲಿ ಯುದ್ಧ ಆರಂಭವಾಯಿತು.

"ಗುಡುಗ್ಯಾ, ಮೂರು ಸಲ ಬ್ಯಾಡ ಅಂದಿದ್ನಿಲ್ಲೋ ಅಂತ ಕೇಳು ನಿಮ್ಮಪ್ಪಗ."

"ಗೆದ್ದ ಟಗರು ಓಡೇತಿ ಅಂದ್ರ ಹೆಂಗ ಸುಮ್ನಿರ್ಲಿ ಅಂತ ಹೇಳೋ ನಿಮ್ಮವ್ವಗ."

"ತಪ್ಪಾತು ಅಂದ್ರ ಮಾತು, ಇಲ್ಲಂದ್ರ ಇಲ್ಲ ಅಂತ ಹೇಳೋ."

ದೂತನು ಹೊಟ್ಟು ತಿನ್ನುತ್ತಿದ್ದ. ಗಡಿಯಾರ ಓಡುತ್ತಿತ್ತು. ಯಮನೂರಪ್ಪ ಗಾಜಿನ ಹತ್ತಿರ ಬಂದು ಕಣ್ಣು ಕಿರಿದು ಮಾಡಿದ.

"ಗುಡುಗ್ಯಾ, ನಿಮ್ಮವ್ವನ ಮಾರಿ ಯಾಕ ಹಿಂಗ ಬಾಡೈತಿ? ಉಂಡಾಳೇನು ಕೇಳು."

ಆರು ದಿನದಿಂದ ಯಾರೂ ಕೇಳದ ಮಾತು ಅದು. ನಲ್ಲಿಕದನವಿಜಯಿನಿಗೆ ನಡುವೆ ಟಗರು ಇದೆಯೆಂಬುದೂ ಮರೆತು ಹೋಯಿತು, ಪ್ರತಿಜ್ಞೆಯೂ ಮರೆತು ಹೋಯಿತು.

"ಇಲ್ರೀ," ಎಂದಳು.

"ಹುಚ್ಚಿ, ಮನಿಗೆ ಹೋಗಿ ಮೊದಲ ಉಣ್ಣು. ಚಂದೂ, ತಪ್ಪಾ..."

ತೆರೆ ಕಪ್ಪಾಯಿತು. ಐದು ನಿಮಿಷ ಮುಗಿದಿತ್ತು.

"ಅಂದ್ರಲ್ಲ?" ಎಂದಳು ಚಂದವ್ವ.

ಇಮಾಮಸಾಬ ಧರ್ಮಸೂಕ್ಷ್ಮವನ್ನು ವಿಚಾರಿಸಿ ನುಡಿದ: "ಅರ್ಧ ಅಂದಾನ ತಂಗೆವ್ವ."

"ಹಂಗಾರ ಉಳಿದರ್ಧ ಕೇಳಾಕ ಮುಂದಿನ ಶನಿವಾರಕ್ಕ ಇನ್ನೊಂದು ಅರ್ಜಿ ಹಾಕ್ರಿ."

ಇಮಾಮಸಾಬ ಕೀಲಿಮಣೆಯ ಮೇಲೆ ಬೆರಳಿಟ್ಟು, ಮೀಸೆಯೊಳಗೆ ನಕ್ಕ. "ಮಾತಂತೂ ಆಡಿಬಿಟ್ಟಿ. ಹೆಸರು ಏನಂತ ಬರೀಲಿ?"

"ಚಂದವ್ವ ಅಂತನ ಬರೀರಿ, ಸುಮ್ಕ!"

ಹೀಗೆ ಆ ಮಹಾಸಂಗ್ರಾಮ ಸಮಾಪ್ತವಾಯಿತು. ಅದರ ಒಟ್ಟು ಫಲವನ್ನು ಕೇಳುವವರಿಗೆ ಹೇಳುವುದಾದರೆ: ಅಂದು ಮಧ್ಯಾಹ್ನದ ಹೊತ್ತಿಗೆ ಒಂದು ಟಗರು ಅರ್ಧ ಚೀಲ ಹೊಟ್ಟು ತಿಂದಿತ್ತು, ಒಬ್ಬ ಹೆಂಗಸು ಒಂದೂವರೆ ರೊಟ್ಟಿ ತಿಂದಿದ್ದಳು.