ಚಿಕ್ಕಮ್ಮನ ಅಳತೆಯ ಸೈಕಲ್

ನಮ್ಮ ಚಿಕ್ಕಮ್ಮನಿಗೆ ತಲೆ ಕೆಟ್ಟಿದೆ ಎಂದು ಹೊಸಪೇಟೆಯಲ್ಲಿ ಕೆಲವರು ಹೇಳಿಕೊಂಡು ತಿರುಗುತ್ತಾರೆ. ಶುದ್ಧ ಸುಳ್ಳು! ತಲೆ ಕೆಟ್ಟವರು ಒಂದಲ್ಲ ಒಂದು ದಿನ ಸರಿಹೋಗುತ್ತಾರೆ. ಚಿಕ್ಕಮ್ಮ ಹಿಡಿದದ್ದನ್ನು ಬಿಟ್ಟದ್ದು ಇದುವರೆಗೆ ಯಾರೂ ನೋಡಿಲ್ಲ.

ಅವಳು ನನ್ನ ಅಮ್ಮನ ಕೊನೆಯ ತಂಗಿ. ವಯಸ್ಸು ನಲವತ್ತೆಂಟು, ಕೆಲಸ ಹೈಸ್ಕೂಲಿನಲ್ಲಿ ಗಣಿತ ಕಲಿಸುವುದು, ಎತ್ತರ ಐದು ಅಡಿ. ಚಪ್ಪಲಿ ಬಿಚ್ಚಿಸಿದರೆ ಐದಾಗಲಿಕ್ಕಿಲ್ಲ, ಆದರೆ ಬಿಚ್ಚಿಸುವ ಧೈರ್ಯ ಯಾರಿಗಿದೆ? ಇಂಥವಳು ಒಂದು ದಿನ ಅನ್ನ ಬಡಿಸುತ್ತ, ತಾನು ಟ್ರಯಥ್ಲಾನ್‌ಗೆ ಹೋಗುವುದಾಗಿ ಪ್ರಕಟಿಸಿದಳು. ಹಾಗೆಂದರೆ ಮೊದಲು ಈಜಬೇಕು, ಒದ್ದೆ ಮೈಯಲ್ಲೇ ಸೈಕಲ್ ಹತ್ತಬೇಕು, ಇಳಿದ ಕೂಡಲೇ ಓಡಬೇಕು, ಎಲ್ಲಾ ಒಂದೇ ಬೆಳಿಗ್ಗೆ!

"ಯಾಕವ್ವಾ, ಯಾರಾರ ನಿನ್ನ ಬೆನ್ನು ಹತ್ಯಾರೇನು?" ಎಂದು ಅವಳ ಅತ್ತೆ ಗಾಬರಿಯಿಂದ ಕೇಳಿದರು.

ಈಜಿನ ಚಿಂತೆ ಇರಲಿಲ್ಲ. ಕಂಪ್ಲಿಯಲ್ಲಿ ಬೆಳೆದವಳು, ಹೊಳೆಯಲ್ಲಿ ಬಿದ್ದು ಎದ್ದೇ ದೊಡ್ಡವಳಾದವಳು. ಓಟಕ್ಕೆ ಭಾನುವಾರಗಳಂದು ಸಂಡೂರಿನ ಘಟ್ಟ ಹತ್ತತೊಡಗಿದಳು. ಒಮ್ಮೆ ಅದಿರು ಲಾರಿಯವನೊಬ್ಬ ಕನಿಕರದಿಂದ ಬ್ರೇಕ್ ಹಾಕಿ, "ಬಸ್ ತಪ್ಪಿತೇನ್ರಿ ಅಕ್ಕಾರ? ಹತ್ರಿ, ಬಿಡ್ತೀನಿ" ಎಂದನಂತೆ. ಇವಳು ಓಡುತ್ತಲೇ, "ಬ್ಯಾಡ್ರಿ, ನಾ ಜಲ್ದಿ ಹೋಗಬೇಕಾಗ್ಯದ" ಎಂದಳಂತೆ! ಆ ಲಾರಿಯವನ ಅಂದಿನ ದಿನ ಹೇಗೆ ಕಳೆಯಿತೋ ಗೊತ್ತಿಲ್ಲ.

ಉಳಿದದ್ದು ಸೈಕಲ್ಲು. ಟ್ರಯಥ್ಲಾನ್ ಸೈಕಲ್ಲೆಂದರೆ ಬೆನ್ನು ನೆಟ್ಟಗೆ ಮಾಡಿಕೊಂಡು ಬೆಲ್ ಹೊಡೆಯುತ್ತ ಸಂತೆಗೆ ಹೋಗುವಂಥದಲ್ಲ. ಮುಂದಕ್ಕೆ ಬಾಗಬೇಕು, ಹ್ಯಾಂಡಲ್ ಮೇಲಿನ ಮೆತ್ತೆಗಳಿಗೆ ಮೊಣಕೈ ಊರಬೇಕು, ಬೆನ್ನು ಮಟ್ಟಸ ಮಾಡಿ ಗಾಳಿಯಿಂದ ತಪ್ಪಿಸಿಕೊಂಡು ಹೋಗಬೇಕು. ಹಾಗಾಗಿ ಫ್ರೇಮ್ ಮೈಗೆ ಸರಿಯಾಗಿ ಕೂರಬೇಕು. ಎರಡು ಸೈಜಿನ ನಡುವೆ ಅನುಮಾನ ಬಂದರೆ ಸಣ್ಣದೇ ಲೇಸು, ಯಾಕೆಂದರೆ ಸಣ್ಣದನ್ನು ಸೀಟು, ಹ್ಯಾಂಡಲ್ ಸರಿಸಿ ತುಸು ಹಿಗ್ಗಿಸಬಹುದು, ದೊಡ್ಡದನ್ನು ಕುಗ್ಗಿಸಲಾಗದು. ಇಷ್ಟನ್ನು ಚಿಕ್ಕಮ್ಮ ಮನೆಗೆ ಬಂದವರಿಗೆಲ್ಲ ಕಾಫಿ ಕೊಡುವ ಮೊದಲೇ ಹೇಳುತ್ತಿದ್ದಳು. ಕಾಫಿ ಒಮ್ಮೊಮ್ಮೆ ಬರುತ್ತಲೇ ಇರಲಿಲ್ಲ.

ಮೊದಲು ಕಾಲಿನ ಅಳತೆ. ಗೋಡೆಗೆ ಬೆನ್ನು ಹಚ್ಚಿ ನಿಂತು, ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಕಾಲುಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ಅಲ್ಲಿಂದ ನೆಲಕ್ಕೆ ಅಳೆಯಬೇಕು. ಚಿಕ್ಕಮ್ಮ ಕಪಾಟಿನ ಪುಸ್ತಕಕ್ಕೆ ಕೈ ಹಾಕಿದ್ದೇ ತಡ, ಅತ್ತೆ ಚೀರಿದರು: "ಸರಸ್ವತೀನ ಎಲ್ಲಿ ಇಡಲಿಕ್ಕೆ ಹೊಂಟೀಯವ್ವಾ!"

ಚಿಕ್ಕಮ್ಮ ತೆಪ್ಪಗೆ ಪುಸ್ತಕ ಇಟ್ಟು ಅಡುಗೆಮನೆಯಿಂದ ಚಪಾತಿ ಮಣೆ ತಂದಳು.

"ಆಮ್ಯಾಲ ಅದರ ಮ್ಯಾಲ ಚಪಾತಿ ಲಟ್ಟಿಸಿದ್ರ ತಿನ್ನೋರು ಯಾರು?"

ಮರುದಿನ ಶಾಲೆಯಿಂದ ಕರಿಹಲಗೆಯ ದೊಡ್ಡ ಮರದ ಮೂಲೆಮಟ್ಟ ಮನೆಗೆ ಬಂತು. ಜಗತ್ತಿನಲ್ಲಿ ಇಷ್ಟು ಕರಾರುವಾಕ್ಕಾಗಿ ಯಾರ ಕಾಲನ್ನೂ ಅಳೆದಿರಲಾರರು!

ಅಲ್ಲಿಗೆ ಸುಮ್ಮನಾದಳೇ? ಹಂಪಿಯಲ್ಲಿ ನೆಂಟರ ಮದುವೆ. ಅಕ್ಷತೆ ಹಾಕಿ ಎಲ್ಲರೂ ವಧುವರರನ್ನು ನೋಡುತ್ತಿದ್ದರೆ ಇವಳು ಹುಡುಗಿಯ ತಂದೆಯನ್ನು ತಲೆಯಿಂದ ಪಾದದವರೆಗೆ ನೋಡಿ, "ನಿಮ್ಮವು ಕಾಲು ಉದ್ದ, ಬೆನ್ನು ಗಿಡ್ಡ ಅವ ನೋಡ್ರಿ. ಸಣ್ಣ ಫ್ರೇಮೇ ತಗೋರಿ" ಎಂದಳು. ಮಗಳನ್ನು ಕಳಿಸಿಕೊಡುವ ದುಃಖದಲ್ಲಿದ್ದ ಆ ಮನುಷ್ಯ ಕಣ್ಣೊರೆಸಿಕೊಂಡು, "ಆಗಲಿ ತಾಯಿ" ಎಂದರು.

ಇನ್ನು ಮನೆಯವರ ಸಲಹೆಗಳು! ನಮ್ಮಲ್ಲಿ ಒಂದು ವಸ್ತು ಕೊಂಡರೆ ಅದು ಮನೆಮಂದಿಗೆಲ್ಲ ಆಗಬೇಕು. ಆರಡಿಯ ಚಿಕ್ಕಪ್ಪ ಬಹಳ ಯೋಚಿಸಿ ತೀರ್ಪು ಕೊಟ್ಟರು: "ಮೀಡಿಯಂ ತಗೋ. ನೀನೂ ಹೊಡೀಬಹುದು, ನಾನೂ ಹೊಡೀಬಹುದು."

"ನೀವು ಕಡೀಕ ಸೈಕಲ್ ಹೊಡೆದದ್ದು ಯಾವಾಗ್ರಿ?"

"ಮುಂದ ಹೊಡೀಬಹುದು ಅಂದೆ."

ಇಬ್ಬರಿಗೂ ಆಗದ ಸೈಕಲ್ಲು ಇಬ್ಬರಿಗೂ ಆಗುತ್ತದೆಂಬ ಈ ಗಣಿತ ಚಿಕ್ಕಮ್ಮನ ಯಾವ ಪಠ್ಯದಲ್ಲೂ ಇರಲಿಲ್ಲ.

ಅಷ್ಟರಲ್ಲಿ ಯಶವಂತನಗರದ ಗಣಿ ಎಂಜಿನಿಯರೊಬ್ಬರಿಗೆ ವರ್ಗವಾಗಿ, ಹೊಸದರಂತಿದ್ದ ಟ್ರಯಥ್ಲಾನ್ ಸೈಕಲ್ಲನ್ನು ಅರ್ಧ ಬೆಲೆಗೆ ಮಾರುತ್ತಾರೆಂದು ಸುದ್ದಿ ಬಂತು. ಚಿಕ್ಕಮ್ಮ, ಚಿಕ್ಕಪ್ಪ, ಅಮ್ಮ, ನಾನು, ನಾಲ್ವರೂ ಕಾರು ಹತ್ತಿದೆವು. ಕೆಂಪು ಧೂಳು ಒರೆಸಿ ತೋರಿಸಿದಾಗ ನನಗೇ ಅದರ ಮೇಲೆ ಆಸೆಯಾಯಿತು. ಆದರೆ ಎಂಜಿನಿಯರು ನೀಳಕಾಯದವರು. ಸೀಟನ್ನು ತಳಕ್ಕೆ ಇಳಿಸಿ ಚಿಕ್ಕಮ್ಮ ಕೂತರೆ ಮೊಣಕೈ ಮೆತ್ತೆ ಮುಟ್ಟಲು ಪೂರ್ತಿ ಸಾಷ್ಟಾಂಗವೇ ಹಾಕಬೇಕಾಯಿತು!

"ಬರೋಬ್ಬರಿ ಆಗ್ಯದ!" ಎಂದರು ಚಿಕ್ಕಪ್ಪ.

"ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರ ಆತ್ರಿ ಮೇಡಂ" ಎಂದರು ಎಂಜಿನಿಯರು.

ಚಿಕ್ಕಮ್ಮ ಗೇಟಿನವರೆಗೆ ಅದನ್ನು ಹೊಡೆದು ನೋಡಿ, ಕುತ್ತಿಗೆ ಹಿಡಿದುಕೊಂಡು ಬಂದು, "ಬ್ಯಾಡ" ಎಂದಳು.

ಅಮ್ಮನಿಗೆ ರೇಗಿತು. "ಅರ್ಧ ಬೆಲೆಗೆ ಸಿಗ್ತದ ಲೇ! ವಯಸ್ಸಾದ ಮ್ಯಾಲೂ ಎಂಥಾ ಹಟ ನಿಂದು! ಒಂದೀಟು ದೊಡ್ಡದಾದ್ರ ಏನಾತು?"

ಚಿಕ್ಕಮ್ಮ ಸೈಕಲ್ಲನ್ನು ಜೋಪಾನವಾಗಿ ಗೋಡೆಗೆ ಆನಿಸಿದಳು. ಜಗಳಕ್ಕೆ ನಿಲ್ಲುತ್ತಾಳೆ ಎಂದುಕೊಂಡೆ. ಅವಳ ದನಿ ಏರಲೇ ಇಲ್ಲ.

"ಅಕ್ಕಾ, ನಾ ನಾಲ್ಕನೇದವಳು. ನಿನ್ನ ಲಂಗ ಎರಡನೇ ಅಕ್ಕಗ, ಆಮ್ಯಾಲ ಮೂರನೇ ಅಕ್ಕಗ, ಕಡೀಕ ನನಗ. ಬೂಟಿನೊಳಗ ಹತ್ತಿ ತುರುಕಿ ಶಾಲಿಗೆ ಹೋದೆ. ನನ್ನ ಮದುವ್ಯಾಗ ಸುದ್ದಾ ನಿನ್ನ ಜಂಪರಿಗೆ ಪಿನ್ ಚುಚ್ಚಿ ಹಸೆಮಣಿ ಮ್ಯಾಲ ಕೂತೆ. ಯಾರ ಮ್ಯಾಲೂ ಸಿಟ್ಟಿಲ್ಲ. ಆದ್ರ ಇದೊಂದು ನನಗ ನನ್ನ ಅಳತೀದು ಬೇಕು."

ಎಂಜಿನಿಯರು ಒಳಗೆ ಹೋಗಿ ಚಹಾಕ್ಕೆ ಹೇಳಿದರು. ಮರಳುವಾಗ ಕಾರಿನಲ್ಲಿ ಅಮ್ಮ ತಂಗಿಯ ಕೈ ಹಿಡಿದುಕೊಂಡೇ ಕೂತಿದ್ದಳು, ಹೊಸಪೇಟೆ ಬಂದರೂ ಬಿಡಲಿಲ್ಲ.

ಎಲ್ಲಕ್ಕಿಂತ ಸಣ್ಣ ಸೈಜಿನ ಫ್ರೇಮನ್ನು ತರಿಸಲು ತಿಂಗಳುಗಳೇ ಹಿಡಿದವು. ಬಂದಾಗ ಅಕ್ಕಪಕ್ಕದವರು, "ಮೊಮ್ಮಗಗ ತಂದ್ರೇನ್ರಿ?" ಎಂದು ಕೇಳಿದರು. ಚಿಕ್ಕಮ್ಮ ಉತ್ತರ ಕೊಡುವ ಗೋಜಿಗೆ ಹೋಗದೆ ಸೈಕಲ್ ಹತ್ತಿ ಮರಿಯಮ್ಮನಹಳ್ಳಿ ರಸ್ತೆ ಹಿಡಿದಳು. ನೀರಿನ ಬಾಟಲಿ ಹೊತ್ತು ಸ್ಕೂಟರಿನಲ್ಲಿ ಹಿಂದೆ ಹೋದವಳು ನಾನು. ಬೆನ್ನು ಮಟ್ಟಸ, ಭುಜ ಹಗುರ, ಎಲ್ಲೂ ಎಳೆದಾಟವಿಲ್ಲ. ಅವಳು ಅಷ್ಟು ಚೆಂದ ಕಂಡದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ದಾರಿಯಲ್ಲೊಂದು ಚಹಾ ಅಂಗಡಿಯ ಮುಂದೆ ನಿಂತೆವು. ನಾನೂ ಅವಳಷ್ಟೇ ಎತ್ತರದವಳು. ತಮಾಷೆಗೆ, "ಚಿಕ್ಕಮ್ಮಾ, ನಿನಗ ಬ್ಯಾಸರಾದ ಮ್ಯಾಲ ಇದನ್ನ ನನಗ ಕೊಡು. ನನಗೂ ಆಗ್ತದ" ಎಂದೆ.

ಅವಳು ನಗಲಿಲ್ಲ. ಲೋಟ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು.

"ಕೊಡಂಗಿಲ್ಲ" ಎಂದಳು. "ನಿಮ್ಮ ಮನ್ಯಾಗ ನೀ ಎರಡನೇದವಳು. ಅಕ್ಕನ ಹಳೇದು ಹಾಕ್ಕೊಂಡೇ ಬೆಳೆದಿ, ನಾ ನೋಡೀನಿ. ನಿನಗ ನಿನ್ನ ಅಳತೀದೇ ಕೊಡಸ್ತೀನಿ."

ಅಷ್ಟು ಹೇಳಿ ಸೈಕಲ್ ಹತ್ತಿ ಹೊರಟೇಬಿಟ್ಟಳು. ಅಕ್ಕನ ಹಳೆಯದರಲ್ಲೇ ಬೆಳೆದ ಆ ನೋವನ್ನು ನಾನು ಯಾರಿಗೂ ಹೇಳಿಕೊಂಡಿರಲಿಲ್ಲ, ನನಗೂ ಹೇಳಿಕೊಂಡಿರಲಿಲ್ಲ. ಲಾರಿಗಳು ಹಾಯುವ ಆ ರಸ್ತೆಯ ಪಕ್ಕದಲ್ಲಿ ನಿಂತು ಮಕ್ಕಳ ಹಾಗೆ ಅತ್ತುಬಿಟ್ಟೆ.