ನುಣುಪು ಬದಿಗೆ ಹಸಿರು ಹಚ್ಚಿದವರು ಯಾರು?

ಒಂದು ಮನೆಯಲ್ಲಿ ಯಜಮಾನ ಎನ್ನಿಸಿಕೊಂಡವನಿಗೆ ತನ್ನದೇ ಎಂದು ಹೇಳಿಕೊಳ್ಳಲು ಎಷ್ಟು ವಸ್ತುಗಳಿರುತ್ತವೆ ಎಂದು ನೀವು ಯಾವತ್ತಾದರೂ ಯೋಚಿಸಿದ್ದೀರಾ? ನಾನು ಯೋಚಿಸಿ ಯೋಚಿಸಿ ಸಿಟ್ಟು ಮಾಡಿಕೊಂಡವನು. ನನ್ನ ಕೊಡೆಯನ್ನು ಯಾರೋ ಒಯ್ಯುತ್ತಾರೆ, ಇನ್ನಾರದೋ ಮನೆಯ ಜಗಲಿಯಲ್ಲಿ ಬಿಟ್ಟು ಬರುತ್ತಾರೆ. ಒಗೆಯಲು ಹೋದ ನನ್ನ ಬೈರಾಸು ನೆಲ ಒರೆಸುವ ಬಟ್ಟೆಯಾಗಿ ವಾಪಸಾಗುತ್ತದೆ. ಓದುವ ಕನ್ನಡಕ ಅಕ್ಕಿ ಆರಿಸುವ ಗೆರಸೆಯೊಳಗೆ ಸಿಗುತ್ತದೆ. ಇದನ್ನೆಲ್ಲ ನಾನು ಸಹಿಸಿಕೊಂಡಿದ್ದೇನೆ. ಆದರೆ ಪ್ರಪಂಚದಲ್ಲಿ ಒಂದೇ ಒಂದು ವಸ್ತುವನ್ನು ಯಾರೂ ಮುಟ್ಟಬಾರದು ಎಂದು ಕೇಳಿಕೊಂಡಿದ್ದೆ. ಅದು ನನ್ನ ಕ್ಷೌರದ ಕತ್ತಿ ಮತ್ತು ಅದನ್ನು ಮಸೆಯುವ ಚರ್ಮದ ಪಟ್ಟಿ. ಒಂದೇ ವಸ್ತು ಎಂದು ಹೇಳಿ ಎರಡು ಹೆಸರು ಹೇಳಿದಿರಲ್ಲ ಎನ್ನಬೇಡಿ. ಪಟ್ಟಿ ಇಲ್ಲದ ಕತ್ತಿ ಮಾವಿನಕಾಯಿ ಕೊಯ್ಯಲಿಕ್ಕೂ ಆಗುವುದಿಲ್ಲ.

ಈ ಮಡಚುವ ಕತ್ತಿ ನನಗೆ ಬಂದದ್ದು ಬಾಬಣ್ಣನಿಂದ. ಗುರುವಾಯನಕೆರೆಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ಬಾಬಣ್ಣನ ಕ್ಷೌರದಂಗಡಿ ಇತ್ತು. ಮೂಡುಬಿದಿರೆಯ ಬಸ್ಸು ಹಾರ್ನ್ ಹಾಕಿದರೆ ಒಂದು ಕೆನ್ನೆಯ ಸೋಪನ್ನು ಹಾಗೆಯೇ ಇಟ್ಟುಕೊಂಡು ಓಡಿ ಹತ್ತಿದವರನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಕಾಲ ಬದಲಾಯಿತು. ಗಿರಾಕಿಗಳು ತಮ್ಮ ಕಣ್ಣೆದುರೇ ಹೊಸ ಬ್ಲೇಡನ್ನು ಅರ್ಧಕ್ಕೆ ಮುರಿದು ಹಾಕಬೇಕು ಎಂದರು. ಅದರಲ್ಲಿ ತಪ್ಪೇನಿಲ್ಲ, ಆರೋಗ್ಯದ ವಿಷಯ. ಆದರೆ ಬಾಬಣ್ಣನಿಗೆ ಆ ಅರ್ಧ ಬ್ಲೇಡಿನ ಮೇಲೆ ಗೌರವ ಬರಲೇ ಇಲ್ಲ. ಆಮೇಲೆ ಕೈ ನಡುಗಲು ಶುರುವಾಯಿತು. ಅಂಗಡಿ ಮುಚ್ಚುವ ದಿನ ಕತ್ತಿ, ಪಟ್ಟಿ ಎರಡನ್ನೂ ನನ್ನ ಕೈಗಿಟ್ಟು, "ಮಾಷ್ಟ್ರೇ, ಈ ನುಣುಪು ಬದಿ ಉಂಟಲ್ಲ, ಇದಕ್ಕೆ ಏನೂ ಹಚ್ಚಬಾರದು. ದಿನಾ ಇದರಲ್ಲಿ ನಲವತ್ತು ಸಲ ಎಳೆಯಿರಿ, ಕತ್ತಿಯ ಬೆನ್ನು ಮುಂದೆ, ಬಾಯಿ ಹಿಂದೆ. ಮಸೆಯುವ ಹಸಿರು ಪೇಸ್ಟು ಬೇಕಾದ್ರೆ ಹಿಂದಿನ ದೊರಗು ಬದಿಗೆ ಮಾತ್ರ. ಅದರಲ್ಲಿ ತಿಂಗಳಿಗೊಮ್ಮೆ ಹತ್ತು ಸಲ ಸಾಕು. ಅದು ಮದ್ದು ಮಾರಾಯ್ರೆ, ಊಟ ಅಲ್ಲ" ಎಂದರು. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷದಿಂದ ವಿಜ್ಞಾನ ಕಲಿಸುತ್ತಿರುವ ನನಗೆ ಇಷ್ಟು ಒಳ್ಳೆಯ ಪಾಠವನ್ನು ಯಾರೂ ಮಾಡಿರಲಿಲ್ಲ. ಅಂದಿನಿಂದ ಹಸಿರು ಪೇಸ್ಟು ಹಿಂದಿನ ಬದಿಗೆ, ಮುಂದಿನ ಬದಿಗೆ ನನ್ನ ಅಂಗೈಯ ಜಿಡ್ಡು ಮಾತ್ರ.

ಮನೆಯವರಿಗೆ ಇದರ ಬೆಲೆ ಎಲ್ಲಿ ಗೊತ್ತು? ನನ್ನ ಹೆಂಡತಿ ವಾರಿಜಾಳಿಗೆ ಅದು "ಆ ಹಳೇ ಬೆಲ್ಟು". ಲಾಯಿಲದ ನಮ್ಮ ಮನೆಗೆ ಬಂದ ನೆಂಟರೊಬ್ಬರು ಬಚ್ಚಲಿನ ಪಕ್ಕ ತೂಗಾಡುವ ಪಟ್ಟಿಯನ್ನು ನೋಡಿ, "ಮಕ್ಕಳಿಗೆ ಈಗ ಹೊಡೀಲಿಕ್ಕಿಲ್ಲ ಅಲ್ವಾ ಮಾಷ್ಟ್ರೇ?" ಎಂದು ಮೆಲ್ಲಗೆ ಕೇಳಿದ್ದರು. ಮಳೆಗಾಲದಲ್ಲಂತೂ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ ಎಂಬ ಚಿಂತೆ ನನಗೊಬ್ಬನಿಗೇ. ಅದಕ್ಕೂ ನಾನು ಉಪಾಯ ಕಂಡುಕೊಂಡಿದ್ದೆ. ವಾರಿಜಾಳ ತಮ್ಮ ಹರೀಶ ಗಲ್ಫಿನಿಂದ ತಂದ ಹಾಲುಪುಡಿಯ ಡಬ್ಬ ಖಾಲಿಯಾದಾಗ, ಅದನ್ನು ತೊಳೆದು ಒಣಗಿಸಿ, ಪಟ್ಟಿಯನ್ನು ಅದರೊಳಗೆ ಭದ್ರ ಮಾಡಿ ಮುಚ್ಚಳ ಒತ್ತಿದ್ದೆ. ಮಳೆ ಮುಗಿಯುವವರೆಗೆ ಗಡ್ಡಕ್ಕೆ ಅರ್ಧ ಬ್ಲೇಡೇ ಗತಿ. ನಮ್ಮ ಕಡೆ ಅಂಥ ಡಬ್ಬದೊಳಗೆ ಹಪ್ಪಳದಿಂದ ಹಿಡಿದು ಜಾಗದ ಪತ್ರದವರೆಗೆ ಎಲ್ಲವೂ ಕ್ಷೇಮವಾಗಿರುತ್ತದೆ. ಅಷ್ಟು ಒಳ್ಳೆಯ ಉಪಾಯವನ್ನು ನಾನೊಬ್ಬನೇ ಇಟ್ಟುಕೊಳ್ಳಬಾರದೆಂದು ಫೋಟೊ ತೆಗೆದು ಮನೆಯವರ ಮೊಬೈಲ್ ಗ್ರೂಪಿಗೂ ಹಾಕಿದ್ದೆ. ಯಾರೂ ಮೆಚ್ಚಲಿಲ್ಲ, ಬಿಡಿ.

ಮಳೆ ಕಡಿಮೆಯಾಗಿ ಪಟ್ಟಿ ಮತ್ತೆ ಮೊಳೆಗೆ ಬಂತು. ಹದಿನೈದು ದಿನವಾಗುವಷ್ಟರಲ್ಲಿ ಬಾಬಣ್ಣನ ಫೋನು. ಭಾನುವಾರ ಮೂಡುಬಿದಿರೆಯಲ್ಲಿ ಮೊಮ್ಮಗಳ ಮದುವೆ. "ಶನಿವಾರ ನಿಮ್ಮಲ್ಲಿಗೆ ಬರ್ತೇನೆ ಮಾಷ್ಟ್ರೇ. ನನ್ನ ಕತ್ತಿಯಿಂದಲೇ ನನಗೆ ಗಡ್ಡ ಮಾಡಿ ಕೊಡಬೇಕು. ಆ ಅರ್ಧ ಬ್ಲೇಡಿಗೆ ನಾನು ಕೆನ್ನೆ ಒಡ್ಡುವುದಿಲ್ಲ." ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ ಅಂದು ಎರಡು ಪೀರಿಯಡ್ ಯಾರನ್ನೂ ಗದರಿಸಲಿಲ್ಲ. ಐವತ್ತು ವರ್ಷ ಊರಿನವರ ಕೆನ್ನೆ ನೋಡಿಕೊಂಡ ಮನುಷ್ಯ, ತನ್ನ ಕೆನ್ನೆಯನ್ನು ನನ್ನ ಕೈಗೆ ಕೊಡುತ್ತಿದ್ದಾರೆ!

ಆದರೆ ಆ ಹದಿನೈದು ದಿನದಿಂದಲೂ ಕತ್ತಿ ಯಾಕೋ ಒರಟಾಗಿ ಎಳೆಯುತ್ತಿತ್ತು. ಮುಖ ಉರಿಯುತ್ತಿತ್ತು. ಗುರುವಾರ ಬೆಳಿಗ್ಗೆ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನುಣುಪು ಬದಿಯ ಮೇಲೆ ತೆಳ್ಳಗೆ ಹಸಿರು! ಒರೆಸಿದೆ, ಹೋಗಲಿಲ್ಲ. ಆ ಪೇಸ್ಟಿನ ಹುಡಿ ಒಮ್ಮೆ ಚರ್ಮದೊಳಗೆ ಕೂತರೆ ಮತ್ತೆ ಏಳುವುದಿಲ್ಲ. ಬಾಬಣ್ಣ ಒಂದು ಆಯುಷ್ಯವಿಡೀ ಕಾಪಾಡಿಕೊಂಡು ಬಂದ ಚರ್ಮವನ್ನು ನಮ್ಮ ಮನೆಯಲ್ಲಿ ಯಾರೋ ಹಾಳು ಮಾಡಿದ್ದರು. ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆದರೆ ಕಾಗದ ಸುಟ್ಟೀತು.

"ವಾರಿಜಾ, ಯಾರು ಮುಟ್ಟಿದ್ದು ಇದನ್ನು?"

"ನಾನಾ? ನನಗೇನು ಗಡ್ಡ ಉಂಟಾ?" ಎಂದು ಆಕೆ ದೋಸೆ ತಿರುವಿ ಹಾಕಿದಳು.

ಹಾಗಾದರೆ ಉಳಿದವನು ಒಬ್ಬನೇ. ರಜೆಯಲ್ಲಿ ಬಂದಿದ್ದ ಹರೀಶ ವಾಮದಪದವಿನ ತನ್ನ ಮನೆಯಿಂದ ಬಂದು ಪಟ್ಟಿ ಮೊಳೆಗೆ ಬಂದ ವಾರವೇ ನಮ್ಮಲ್ಲಿ ಎರಡು ದಿನ ಇದ್ದು ಹೋಗಿದ್ದ. "ಭಾವ, ಈ ಹಸಿರು ಪೇಸ್ಟಿನಲ್ಲಿ ವಾಚಿನ ಗೆರೆ ಹೋಗ್ತದಾ?" ಎಂದು ಕೇಳಿದ್ದು ನನ್ನ ಕಿವಿಯಲ್ಲೇ ಇತ್ತು. ಇನ್ನೇನು ಸಾಕ್ಷಿ ಬೇಕು? ಮನೆಯವರ ಗ್ರೂಪಿನಲ್ಲಿ ಮೂರು ಧ್ವನಿ ಸಂದೇಶ ಹಾಕಿದೆ. ಪರರ ವಸ್ತು, ಹಿರಿಯರ ನಂಬಿಕೆ, ಗಲ್ಫಿಗೆ ಹೋದವರ ಉಡಾಫೆ, ಮೂರಕ್ಕೂ ಒಂದೊಂದು. "ನಾನು ಮುಟ್ಟಲೇ ಇಲ್ಲ ಭಾವ, ದೇವರಾಣೆ" ಎಂದು ಅವನು ಬರೆದ. ಕಳ್ಳರೆಲ್ಲ ಹಾಗೆಯೇ ಬರೆಯುವುದು ಎಂದು ನಾಲ್ಕನೆಯದನ್ನೂ ಹಾಕಿದೆ. ಅಷ್ಟಕ್ಕೇ ತೃಪ್ತಿಯಾಗದೆ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ "ತಿಳಿವಳಿಕೆ ಇಲ್ಲದವರು ಇದನ್ನು ಮುಟ್ಟಬಾರದು" ಎಂದು ಬರೆದು ಮೊಳೆಗೆ ತೂಗುಹಾಕಿದೆ.

ಶನಿವಾರ ಬೆಳಿಗ್ಗೆ ಬಾಬಣ್ಣ ಬಂದರು. ಅವರ ಹಿಂದೆಯೇ, ಪ್ಯಾಂಟು ಶರಟು ತೊಟ್ಟು, ಬಂಟ್ವಾಳಕ್ಕೆ ಹೊರಟಿದ್ದ ಹರೀಶ ಆ ದಾರಿ ಬಿಟ್ಟು ನನ್ನೊಡನೆ ಮುಖಾಮುಖಿ ಮಾತಾಡಲೆಂದೇ ಬಂದ. ಒಳ್ಳೆಯದೇ ಆಯಿತು, ಅಪರಾಧಿಯ ಎದುರೇ ತೀರ್ಪಾಗಲಿ ಎಂದು ನಾನು ಪಟ್ಟಿಯನ್ನು ಬಾಬಣ್ಣನ ಕೈಗೆ ಕೊಟ್ಟೆ. ಅವರು ಬೈಯಲಿಲ್ಲ. ನಡುಗುವ ಬೆರಳಿನಿಂದ ನುಣುಪು ಬದಿಯನ್ನು ಉದ್ದಕ್ಕೂ ಸವರಿದರು. ಒಂದು ತುದಿಗೆ ಬಂದು ನಿಂತರು.

"ಇಲ್ಲಿ ನಾಲ್ಕು ಬೆರಳು ಜಾಗ ಶುದ್ಧ ಉಂಟು ನೋಡಿ. ಕೈಯಲ್ಲಿ ಹಚ್ಚಿದವ ಇಷ್ಟು ಮಾತ್ರ ಯಾಕೆ ಬಿಡ್ತಾನೆ?" ಎಂದು ಆ ತುದಿಯಿಂದ ಪಟ್ಟಿಯನ್ನು ಚಾಪೆ ಸುತ್ತುವ ಹಾಗೆ ಮೆಲ್ಲಗೆ ಸುತ್ತಿದರು. ಶುದ್ಧವಾಗಿದ್ದ ತುದಿ ಸುರುಳಿಯ ಹೊಟ್ಟೆಯೊಳಗೆ ಹೋಯಿತು. ಉಳಿದಲ್ಲೆಲ್ಲ ಪೇಸ್ಟು ಹಚ್ಚಿದ ಹಿಂಬದಿ, ನುಣುಪು ಮುಂಬದಿಯ ಮೇಲೆ ಬಂದು ಅಂಟಿ ಕೂತಿತು. "ಯಾರೂ ಹಚ್ಚಲಿಲ್ಲ ಮಾಷ್ಟ್ರೇ. ಇದನ್ನು ಯಾರೋ ಬಿಗಿಯಾಗಿ ಸುತ್ತಿ ಇಟ್ಟಿದ್ದಾರೆ. ಬಹಳ ದಿನ. ಗಾಳಿಯಾಡದ ಸೆಕೆಯಲ್ಲಿ."

ಹರೀಶ ಮೊಬೈಲು ತೆಗೆದು, ಗ್ರೂಪಿನಲ್ಲಿ ಬೆರಳಾಡಿಸಿ, ಜೂನ್ ತಿಂಗಳ ಒಂದು ಫೋಟೊವನ್ನು ಬಾಬಣ್ಣನ ಮುಂದೆ ಹಿಡಿದ. ಹಾಲುಪುಡಿಯ ಡಬ್ಬ, ಅದರೊಳಗೆ ಬಿಗಿಯಾಗಿ ಸುತ್ತಿದ ಪಟ್ಟಿ, ಪಕ್ಕದಲ್ಲಿ ನಗುತ್ತಿರುವ ನಾನು. ಕೆಳಗೆ ನನ್ನದೇ ಬರಹ: "ಚರ್ಮ ಕಾಪಾಡುವ ವೈಜ್ಞಾನಿಕ ವಿಧಾನ".

"ಮತ್ತೆ ಇದರಲ್ಲೇ ದಿನಾ ನಲವತ್ತು ಸಲ ಎಳೆದಿರಾ? ಪಾಪದ ಕತ್ತಿಗೆ ಮೂರು ಹೊತ್ತೂ ಮದ್ದೇ ಬಡಿಸಿದಿರಲ್ಲ ಮಾರಾಯ್ರೆ" ಎಂದರು ಬಾಬಣ್ಣ. ಬೈದಿದ್ದರೆ ಒಳ್ಳೆಯದಿತ್ತು. ಆ ಮೆತ್ತಗಿನ ಮಾತು ನನ್ನನ್ನು ನಿಜವಾಗಿ ನೋಯಿಸಿತು. ನಾಳೆ ಮದುವೆ, ಅವರ ಮುಖದ ಮೇಲೆ ನಾಲ್ಕು ದಿನದ ಬಿಳಿ ಗಡ್ಡ, ಕೈಯಲ್ಲಿ ನಾನು ಕೆಡಿಸಿದ ಕತ್ತಿ. ಅವರು ಸುತ್ತಲೂ ನೋಡಿದರು. ಅವರ ಕಣ್ಣು ಹರೀಶನ ಸೊಂಟದ ಮೇಲೆ ನಿಂತಿತು. ಹತ್ತಿರ ಹೋಗಿ ಹೆಬ್ಬೆರಳಿನಿಂದ ಒತ್ತಿದರು. "ಇದು ಅಸಲಿ ಚರ್ಮ. ಈ ಬೆಲ್ಟು ಸಿಕ್ಕಿದ್ರೆ ಇವತ್ತಿಗೆ ಸುಧಾರಿಸಬಹುದು."

ಕೇಳಬೇಕಾದವನು ನಾನು. ಕೇಳಿದೆ. ನಾಲ್ಕು ಧ್ವನಿ ಸಂದೇಶ ಹಾಕಿದ ಗಂಟಲಿನಿಂದ ನಾಲ್ಕು ಶಬ್ದ ಹೊರಡಲಿಕ್ಕೆ ಎಷ್ಟು ಕಷ್ಟ!

"ಕೊಡ್ತೇನೆ ಭಾವ. ಮೊದಲು ಗ್ರೂಪಿನಲ್ಲಿ ತಪ್ಪಾಯ್ತು ಅಂತ ಹಾಕಿ. ಬರೆಯುವುದು ಬೇಡ, ಧ್ವನಿಯಲ್ಲೇ ಆಗಲಿ."

ಹಾಕಿದೆ. ಬೆಲ್ಟಿನ ಬಕಲನ್ನು ಕಿಟಕಿಯ ಸರಳಿಗೆ ಸಿಕ್ಕಿಸಿದೆ. ಹರೀಶ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಮೊಬೈಲು ಎತ್ತಿ ವಿಡಿಯೊ ಮಾಡುತ್ತಾ ನಿಂತ. "ಭಾರ ಹಾಕಬೇಡಿ. ಇನ್ನೂ ಮೆಲ್ಲ. ಹಾಂ, ಹಾಗೆ" ಎಂದು ಬಾಬಣ್ಣ ಕಣ್ಣು ಮುಚ್ಚಿ, ಶಬ್ದ ಕೇಳಿಯೇ ತಿದ್ದಿದರು. ಎಂಬತ್ತು ಸಲ ಎಳೆದಾಗ ಸಾಕೆಂದರು. ಆಮೇಲೆ ಕುರ್ಚಿಯಲ್ಲಿ ಒರಗಿ ಕುತ್ತಿಗೆ ಎತ್ತಿಕೊಟ್ಟರು. ನಾನು ಸೋಪು ಹಚ್ಚಿ, ಒಂದೊಂದೇ ಕೂದಲು ಎಣಿಸುವ ಹಾಗೆ ಕತ್ತಿ ಆಡಿಸಿದೆ. ಕೊನೆಗೆ ಕನ್ನಡಿಯಲ್ಲಿ ಎರಡೂ ಕೆನ್ನೆ ನೋಡಿಕೊಂಡು, "ಗಾಯ ಇಲ್ಲ. ಮದುವೆಗೆ ಸಾಕು" ಎಂದರು. ಅದು ಹೊಗಳಿಕೆಯಲ್ಲ ಎಂದು ನನಗೂ ಗೊತ್ತು.

ಈಗ ಮೊಳೆಯಲ್ಲಿ ಹೊಸ ಪಟ್ಟಿ ಇದೆ, ನೇರವಾಗಿ ತೂಗುತ್ತಿದೆ. ಹಾಲುಪುಡಿಯ ಡಬ್ಬದೊಳಗೆ ಹಪ್ಪಳ. ರಟ್ಟಿನ ಫಲಕವನ್ನು ತೆಗೆಯಲು ನಾನು ಎರಡು ಸಲ ಕೈ ಹಾಕಿದೆ, ವಾರಿಜಾ ಬಿಡಲಿಲ್ಲ. "ಇರಲಿ ಅದು, ಬರೆದದ್ದರಲ್ಲಿ ತಪ್ಪೇನೂ ಇಲ್ಲ" ಎನ್ನುತ್ತಾಳೆ. ದಿನಾ ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿಕೊಂಡು ಪಟ್ಟಿಗೆ ಕೈ ಚಾಚುತ್ತೇನೆ. ಮನೆಯಲ್ಲಿ ಅದನ್ನು ಮುಟ್ಟುವವನು ನಾನೊಬ್ಬನೇ ಆದ್ದರಿಂದ, ಓದುವವನೂ ನಾನೊಬ್ಬನೇ.