ಪವರ್ ಸಪ್ಲೈಯೊಳಗಿನ ದೆವ್ವಗಳು

ದೆವ್ವ ಹಿಡಿದ ಮನುಷ್ಯರನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋಗುತ್ತಾರೆ. ದೆವ್ವ ಹಿಡಿದ ಕಂಪ್ಯೂಟರುಗಳು ಮಾತ್ರ ನೇರವಾಗಿ ನನ್ನ ಕೈಗೇ ಬರುತ್ತವೆ. ಒಂದನ್ನು ಬಿಡಿಸಿ ಕಳಿಸುವಷ್ಟರಲ್ಲಿ ಇನ್ನೊಂದು ತಯಾರು.

ಸಾಗರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನನಗೆ ಕೆಲಸ. ದೊಡ್ಡ ಊರಿನ ಆಫೀಸುಗಳು ಬಳಸಿ ಬಿಟ್ಟ ರೆಡಿಮೇಡ್ ಕಂಪ್ಯೂಟರ್ ಡಬ್ಬಿಗಳು ನಮ್ಮಲ್ಲಿಗೆ ಬರುತ್ತವೆ. ಒಳಗಿನ ಪ್ರೊಸೆಸರ್ ಎಷ್ಟು ಕರೆಂಟು ಕೇಳುತ್ತದೆ, ಡಬ್ಬಿಯೊಳಗೆ ಕರೆಂಟು ಹಂಚುವ ಪವರ್ ಸಪ್ಲೈ ಎಷ್ಟು ಕೊಡುತ್ತದೆ, ಎರಡೂ ಹೊಂದುತ್ತವೆಯೇ ಎಂದು ನೋಡುವುದು, ಮಾರಿದ ಮೇಲೆ ಕೆಟ್ಟರೆ ಹೋಗಿ ಸರಿ ಮಾಡುವುದು ನನ್ನ ಪಾಲು. ಓದಿದ್ದು ಎಸ್ಸೆಸ್ಸೆಲ್ಸಿ. ಗಂಡು ಹೆಣ್ಣಿನ ಜಾತಕ ಹೊಂದಿಸುವವರು ಅಷ್ಟೂ ಓದಿರುವುದಿಲ್ಲ, ಹಾಗಾಗಿ ನನಗೆ ನಾಚಿಕೆಯಿಲ್ಲ.

ನಾನು ಕೆಲಸಕ್ಕೆ ಹೋಗುವುದು ಅತ್ತೆಯ ದಯೆಯಿಂದ. ಗಂಡ ಲಾರಿ ಹತ್ತಿದರೆ ವಾರಗಟ್ಟಲೆ ಪತ್ತೆಯಿಲ್ಲ. ನನ್ನ ಪುಟ್ಟ ಮಗಳನ್ನು ನೋಡಿಕೊಳ್ಳುವವರು ಅತ್ತೆಯೊಬ್ಬರೇ. ಅವರು ಒಲ್ಲೆ ಎಂದ ದಿನ ನನ್ನ ಕೆಲಸ ಮುಗಿದಂತೆ. ಅತ್ತೆ ಬದುಕಿರುವ ಯಾರಿಗೂ ಹೆದರುವವರಲ್ಲ. ಕಷ್ಟವಿರುವುದು ಸತ್ತವರ ವಿಷಯದಲ್ಲಿ.

ಬೀಗ ಹಾಕಿದ ಕೋಣೆ

ಬ್ಯಾಕೋಡಿನ ಕಡೆಯ ಒಂದು ಸಂಘದ ಆಫೀಸು. ಅಲ್ಲಿನ ಹಳೆಯ ಮ್ಯಾನೇಜರು ತೀರಿಹೋಗಿ ಸ್ವಲ್ಪ ದಿನವಾಗಿತ್ತು. ಅವರ ಕೋಣೆಗೆ ಬೀಗ. ಭಾನುವಾರ ಮಧ್ಯಾಹ್ನ ಅಟೆಂಡರು ಜಗಲಿಯಲ್ಲಿ ಹೋಗುವಾಗ ಒಳಗಿನಿಂದ ಯಾರೋ ಉಸಿರು ಬಿಡುತ್ತಿರುವ ಸದ್ದು. ಕಿಟಕಿಯಲ್ಲಿ ಇಣುಕಿದರೆ ಪರದೆ ಬೆಳಗುತ್ತಿದೆ. ಪರದೆಯ ಮೇಲೆ ತೀರಿಹೋದವರ ಹೆಸರು. ಕೆಳಗೆ ಪಾಸ್‌ವರ್ಡಿನ ಜಾಗದಲ್ಲಿ ಒಂದು ಗೆರೆ ಮಿಣುಕುತ್ತಿದೆ, ಯಾರೋ ನೆನಪಿಸಿಕೊಳ್ಳುತ್ತಾ ಕೂತಿರುವ ಹಾಗೆ. ಕುರ್ಚಿ ಟೇಬಲ್ಲಿನಿಂದ ಒಂಚೂರು ಹಿಂದೆ ಸರಿದಿದೆ.

ನಾನು ಹೋದಾಗ ಹೊಸ ಮ್ಯಾನೇಜರು ಬೀಗ ತೆಗೆದರೇ ಹೊರತು ಹೊಸ್ತಿಲು ದಾಟಲಿಲ್ಲ. ನಾನು ಒಳಗೆ ಕಾಲಿಡುವುದಕ್ಕೂ ಕರೆಂಟು ಹೋಗಿ ಬರುವುದಕ್ಕೂ ಸರಿಹೋಯಿತು. ಯಾರೂ ಮುಟ್ಟದ ಡಬ್ಬಿ ಉಸಿರೆಳೆದುಕೊಂಡು ಎದ್ದಿತು.

ಸೆಟ್ಟಿಂಗ್ ತೆಗೆದು ನೋಡಿದೆ. ಕರೆಂಟು ಬಂದ ಕೂಡಲೇ ತಾನಾಗಿ ಆನ್ ಆಗಬೇಕು ಎಂದು ಇದನ್ನು ಮೊದಲು ಬಳಸಿದ್ದ ದೊಡ್ಡ ಊರಿನವರು ಮಾಡಿಟ್ಟಿದ್ದರು. ದಿನಕ್ಕೆ ಹತ್ತಾರು ಸಲ ಕರೆಂಟು ಹೋಗುವ ಊರಲ್ಲಿ ಆ ಡಬ್ಬಿ ಪಾಪ, ಹತ್ತಾರು ಸಲ ಎದ್ದು ಫ್ಯಾನಿನಲ್ಲಿ ಉಸಿರು ಬಿಡುತ್ತಿತ್ತು.

"ದೆವ್ವ ಅಲ್ಲ ಸಾರ್. ಒಂದು ಗುಂಡಿ ಒತ್ತಿದ್ರೆ ಸರಿ ಹೋಗ್ತದೆ," ಎಂದೆ.

ಮ್ಯಾನೇಜರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಒತ್ಬೇಡ ತಂಗಿ. ಅವ್ರು ಒಳಗೆ ಕೂತಿರ್ತಾರೆ ಅಂತ ಸುದ್ದಿಯಾದ್ಮೇಲೆ ನಮ್ಮ ಸ್ಟಾಫು ಟೈಮಿಗೆ ಸರಿಯಾಗಿ ಬರ್ತಿದೆ."

ಕೆಂಪು ಗೋಡೆ

ಹೊಸನಗರದ ಒಬ್ಬ ಪತ್ರ ಬರಹಗಾರರು ಫೋನು ಮಾಡಿದರು. "ಮೇಡಂ, ಕಂಪ್ಯೂಟರು ರಕ್ತ ಕಾರ್ತಾ ಉಂಟು."

ಹೋಗಿ ನೋಡಿದರೆ ಡಬ್ಬಿಯ ಹಿಂದಿನ ಬಿಳಿ ಗೋಡೆಯಲ್ಲಿ ಅಂಗೈ ಅಗಲದ ಕೆಂಪು ಕಲೆ. ಒರೆಸಿದರೆ ಮಾರನೆ ದಿನ ಮತ್ತೆ ಅಲ್ಲೇ. ಹೆದರಿ ಟೇಬಲ್ಲನ್ನು ಇನ್ನೊಂದು ಮೂಲೆಗೆ ಸರಿಸಿದ್ದರು, ಆ ಮೂಲೆಯ ಗೋಡೆಯೂ ಕೆಂಪಾಗತೊಡಗಿತ್ತು. ಎದುರಿಗೆ ಕೂತ ಒಬ್ಬ ಗಿರಾಕಿಯ ಬಿಳಿ ಅಂಗಿಯ ಮೇಲೂ ಬಿದ್ದು, ಆ ಮನುಷ್ಯ ಕ್ರಯಪತ್ರವನ್ನೂ ಬಿಟ್ಟು ಓಡಿಹೋಗಿದ್ದನಂತೆ. ಕೆಲಸ ಶುರು ಮಾಡಿದರೆ ಡಬ್ಬಿ ಮೊದಲು ಗೊರಗೊರ ಎನ್ನುತ್ತದೆ, ಆಮೇಲೆ ಕಾರುತ್ತದೆ.

"ಒಳಗೆ ಎಂತಾದ್ರೂ ಬದಲು ಮಾಡ್ಸಿದ್ರಾ?"

"ಸ್ಪೀಡಿಗೆ ಅಂತ ದೊಡ್ಡ ಪ್ರೊಸೆಸರ್ ಹಾಕ್ಸಿದ್ದೆ. ಸಾಕೆಟ್ಟಿಗೆ ಕರೆಕ್ಟಾಗಿ ಕೂತಿತ್ತಪ್ಪ."

ಕೂರುವುದು ಬೇರೆ, ಬಾಳುವುದು ಬೇರೆ. ಪುಟ್ಟ ಪವರ್ ಸಪ್ಲೈ ಆ ದೊಡ್ಡ ಹೊಟ್ಟೆ ತುಂಬಿಸಲಾಗದೆ ಬಿಸಿಯಾಗಿ, ಅದರ ಫ್ಯಾನು ಹುಟ್ಟಿದಾಗಿನಿಂದ ತಿರುಗದಷ್ಟು ಜೋರಾಗಿ ತಿರುಗುತ್ತಿತ್ತು. ಅಲ್ಲಿಯ ತನಕ ಸರಿ. ಆದರೆ ಕೆಂಪು ಯಾಕೆ? ಮುಚ್ಚಳ ತೆಗೆದು, ಸಪ್ಲೈಯ ಜಾಲರಿಗೆ ಬಾಯಿಟ್ಟು ಒಮ್ಮೆ ಊದಿದೆ. ನನ್ನ ಮುಖ, ಕತ್ತು, ಚೂಡಿದಾರ ಎಲ್ಲ ಕೆಂಪು.

ಕುಂಕುಮ! ಆಯುಧ ಪೂಜೆಯ ದಿನ ಕಿಂಡಿ ಕಿಂಡಿಗೂ ಭಕ್ತಿಯಿಂದ ಸುರಿದದ್ದು ಒಳಗೆ ಶೇಖರವಾಗಿ, ಜೋರಾದ ಫ್ಯಾನು ಅದನ್ನು ಗೋಡೆಗೆ ಊದುತ್ತಿತ್ತು. ಹಳೇ ಪ್ರೊಸೆಸರನ್ನೇ ವಾಪಸ್ಸು ಹಾಕಿದೆ. ಗೊರಗೊರ ನಿಂತಿತು.

"ಇನ್ಮೇಲೆ ಒಳಗೆ ಕುಂಕುಮ ಹಾಕ್ಬೇಡಿ," ಎಂದೆ.

"ಛೆ, ಇನ್ಮೇಲೆ ಹಾಕೋದುಂಟಾ! ಅರಿಶಿನ ಮಾತ್ರ."

ನಾನು ಅದೇ ಅವತಾರದಲ್ಲಿ ಮನೆಗೆ ಬಂದೆ. ಮಗಳು ಚಪ್ಪಾಳೆ ತಟ್ಟಿದಳು. ಅತ್ತೆ ಕಿರುಚಿದರು. ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದ ಮೇಲೆ ತೀರ್ಮಾನ ಹೇಳಿದರು. "ಇದೇ ಕಡೇದು. ಇನ್ನೊಂದ್ಸಲ ದೆವ್ವದ ಮನೆಗೆ ಹೋಗಿ ಬಂದ್ರೆ ಮಗೀನ ನಾ ನೋಡ್ಕಳಲ್ಲ. ಕೆಲಸ ಬಿಟ್ಟು ನೀನೇ ನೋಡ್ಕ."

ಬೆಳ್ಳಗಾಗದ ಅಜ್ಜಿ

ಅದಾಗಿ ವಾರ ಕಳೆದಿರಲಿಲ್ಲ, ತೀರ್ಥಹಳ್ಳಿಯ ಫ್ಲೆಕ್ಸ್ ಅಂಗಡಿಯವರ ಫೋನು. ಮಗಳಿಗೆ ಉಣ್ಣಿಸುತ್ತಿದ್ದುದರಿಂದ ಸ್ಪೀಕರಿಗೆ ಹಾಕಿದ್ದೆ. "ಮಾರಾಯ್ರೆ, ಬೇಗ ಬನ್ನಿ. ಸತ್ತ ಅಜ್ಜಿ ತನ್ನ ಶ್ರದ್ಧಾಂಜಲಿ ಫ್ಲೆಕ್ಸ್ ಮಾಡೋಕೆ ಬಿಡ್ತಿಲ್ಲ. ನಾಳೆ ವೈಕುಂಠ ಸಮಾರಾಧನೆ."

ಅತ್ತೆ ಕೇಳಿಸಿಕೊಂಡು ಸೆರಗು ಸಿಕ್ಕಿಸಿದರು. "ನಡಿ, ನಾನೂ ಬರ್ತೀನಿ. ಅಲ್ಲಿ ಎಂತಾದ್ರೂ ಇರೋದು ಹೌದಾದ್ರೆ ನಿನ್ ಕೆಲಸ ಇವತ್ತಿಗೆ ಮುಗೀತು."

ಮಗಳನ್ನೂ ಕಟ್ಟಿಕೊಂಡು ಬಸ್ಸು ಹತ್ತಿದೆವು. ಏನೂ ಇರದಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

ಅಂಗಡಿಯಲ್ಲಿ ಅಜ್ಜಿಯ ಮಗ, ಸೊಸೆ ಕೂತಿದ್ದರು. ಟೇಬಲ್ಲಿನ ಮೇಲೆ ಅಜ್ಜಿಗೆ ತಪ್ಪುಕಾಣಿಕೆಯೆಂದು ಇಟ್ಟ ತೆಂಗಿನಕಾಯಿ ಬೇರೆ. ಅಂಗಡಿಯವರು ಅಜ್ಜಿಯ ಫೋಟೊ ತೆರೆದರು. ಕಪ್ಪು ಮುಖ, ನೆಟ್ಟಗೆ ನಮ್ಮನ್ನೇ ನೋಡುವ ಕಣ್ಣು.

"ನೋಡಿ, ಸುಮ್ಮನಿದ್ರೆ ಸುಮ್ಮನಿರ್ತಾರೆ. ಈಗ ನೋಡಿ," ಎಂದು ಅಂಗಡಿಯವರು ಮುಖ ಬೆಳ್ಳಗೆ ಮಾಡುವ ಗುಂಡಿ ಒತ್ತಿದರು.

ಹಣೆಯಿಂದ ಬೆಳ್ಳಗಾಗುತ್ತಾ ಬಂತು. ಹುಬ್ಬು ದಾಟಿತು. ಕಣ್ಣಿನ ಹತ್ತಿರ ಬಂದದ್ದೇ, ಟಪ್! ಎಲ್ಲ ಕತ್ತಲು. ಕಪ್ಪು ಪರದೆಯಲ್ಲಿ, ಅಜ್ಜಿಯ ಮುಖವಿದ್ದ ಜಾಗದಲ್ಲಿ ಈಗ ನನ್ನ ಮುಖ. ಹಿಂದೆ ಅತ್ತೆಯ ಮುಖ. ಸೊಸೆ ಅಳಲು ಶುರು ಮಾಡಿದಳು. ಮತ್ತೆ ಆನ್ ಮಾಡಿ ಒತ್ತಿದರು. ಮತ್ತೆ ಕಣ್ಣಿನ ಹತ್ತಿರವೇ ಟಪ್. ಅತ್ತೆಯ ಕೈ ನನ್ನ ಭುಜ ಹಿಡಿದುಕೊಂಡಿತು.

ಮುಚ್ಚಳ ಬಿಚ್ಚಿದೆ. ಇಲ್ಲೂ ಅದೇ ಕಥೆ. ಗೇಮ್ ಆಡುವವರ ಪ್ರೊಸೆಸರನ್ನು ತಂದು ಆಫೀಸಿನ ಡಬ್ಬಿಗೆ ಹಾಕಿ, ಹಳೆಯದನ್ನು ಮಾರಿಬಿಟ್ಟಿದ್ದಾರೆ. ಸುಮ್ಮನಿದ್ದಾಗ ನಡೆಯುತ್ತದೆ. ಬೆಳ್ಳಗೆ ಮಾಡುವಂಥ ಭಾರದ ಕೆಲಸ ಕೊಟ್ಟರೆ ಅದು ಕೇಳುವಷ್ಟು ಕರೆಂಟನ್ನು ಪವರ್ ಸಪ್ಲೈ ಕೊಡಲಾರದು, ಕೈಚೆಲ್ಲುತ್ತದೆ.

"ದೆವ್ವ ಅಲ್ಲ, ಪವರ್ ಸಾಲ್ತಿಲ್ಲ," ಎಂದೆ.

"ಹಾಗಾದ್ರೆ ದೊಡ್ಡ ಸಪ್ಲೈ ಹಾಕಿ," ಎಂದರು ಅಂಗಡಿಯವರು.

"ಇದು ಕಂಪನಿಯವ್ರೇ ಜೋಡಿಸಿದ ಡಬ್ಬಿ. ಅಂಗಡಿಯಲ್ಲಿ ಸಿಗೋ ಸಪ್ಲೈ ಇದಕ್ಕೆ ಕೂರಲ್ಲ, ಪಿನ್ನೂ ಬೇರೆ. ತರ್ಸೋಕೆ ದಿನ ಹಿಡೀತದೆ."

"ನಾಳೆ ಊಟ ಇಟ್ಕೊಂಡು ದಿನ ಹಿಡೀತದೆ ಅಂದ್ರೆ?" ಅಜ್ಜಿಯ ಮಗ ತಲೆಯ ಮೇಲೆ ಕೈ ಹೊತ್ತ.

ಆಗ ಅತ್ತೆ ಮುಂದೆ ಬಂದರು. ಹೆದರಿಕೆಯೆಲ್ಲ ಎಲ್ಲಿ ಹೋಗಿತ್ತೋ, ಕಣ್ಣು ಕೆಂಪಾಗಿತ್ತು. "ಅಲ್ಲಾ ಕಣಪ್ಪಾ, ಕಪ್ಪಾಗೇ ಹುಟ್ಟಿ, ಕಪ್ಪಾಗೇ ಬಾಳಿ, ಕಪ್ಪಾಗೇ ಹೋದಳು. ಈಗ ಯಾರಿಗೆ ತೋರ್ಸಕ್ಕೆ ಸುಣ್ಣ ಬಳೀತಿದೀರಿ? ಅವಳ ಜಾಗದಲ್ಲಿ ನಾನಿದ್ರೂ ಟಪ್ ಅಂತ ಆರಿಸ್ತಿದ್ದೆ. ಇದ್ದ ಬಣ್ಣದಲ್ಲೇ ಕಳ್ಸಿ!"

ಅಂಗಡಿಯವರು ಬೆಳ್ಳಗೆ ಮಾಡುವುದನ್ನು ಬಿಟ್ಟು, ಇದ್ದ ಹಾಗೇ ಪ್ರಿಂಟಿಗೆ ಕೊಟ್ಟರು. ಅಜ್ಜಿ ತಲೆಯಿಂದ ಸೊಂಟದ ತನಕ ಅಚ್ಚುಕಟ್ಟಾಗಿ ಹೊರಬಂದರು.

"ಭಾರದ ಕೆಲಸ ಕೊಡ್ಲಿಲ್ಲವಲ್ಲ, ಅದ್ಕೇ..." ಎಂದು ಶುರು ಮಾಡಿದೆ. ಕೇಳುವವರು ಯಾರು? ಮಗ, ಸೊಸೆ, ಅಂಗಡಿಯವರು ಮೂವರೂ ಅತ್ತೆಗೆ ಕೈಮುಗಿದು ನಿಂತಿದ್ದರು. ತೆಂಗಿನಕಾಯಿಯೂ ಅತ್ತೆಯ ಚೀಲಕ್ಕೇ ಹೋಯಿತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮಗಳು ಅತ್ತೆಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಅತ್ತೆ ತೆಂಗಿನಕಾಯಿಯ ಚೀಲವನ್ನು ಕಾಲಿನ ನಡುವೆ ಭದ್ರಮಾಡಿಕೊಂಡರು. ಕೊನೆಗೆ ನಾನೇ ಕೇಳಿದೆ. "ಅತ್ತೆ, ನಾಳೆ ನಾನು ಕೆಲಸಕ್ಕೆ ಹೋಗ್ಲಾ?"

"ಹೋಗು. ನೀ ಕೆಲಸ ಬಿಟ್ರೆ ನನಗೇ ಕಷ್ಟ," ಎಂದು ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿದರು. "ನಾಳೆ ಮೊದಲು ನಂದೊಂದು ಫೋಟೊ ತೆಗ್ದು, ಬೆಳ್ಳಗೆ ಮಾಡಿ ಇಟ್ಬಿಡು. ನಿಮ್ಮ ಪವರ್ ಸಪ್ಲೈ ನಂಬ್ಕಂಡು ಸಾಯಕ್ಕಾಗಲ್ಲ."